ಮಂಡಿಯಲ್ಲಿ ಐದೇ ವ್ಯಾಪಾರಿಗಳು: ಪ್ರಕಾಶಕರು ಒಂದಾಗುತ್ತ ಹೋದರೆ ಕಾದಂಬರಿಗೆ ಏನಾಗುತ್ತದೆ?

ಅಮೆರಿಕದ ಪುಸ್ತಕಲೋಕದ ಎರಡು ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ.

ಮೊದಲನೆಯದು 2022ರ ಅಕ್ಟೋಬರ್ 31ರದ್ದು. ಪೆಂಗ್ವಿನ್ ರ‍್ಯಾಂಡಮ್ ಹೌಸ್ ಅಲ್ಲಿನ ಅತಿ ದೊಡ್ಡ ಪ್ರಕಾಶನ ಕಂಪನಿ. ಅದು ಸೈಮನ್ ಅಂಡ್ ಶುಸ್ಟರ್ ಎಂಬ ಇನ್ನೊಂದು ದೊಡ್ಡ ಕಂಪನಿಯನ್ನು 217.5 ಕೋಟಿ ಡಾಲರ್‌ಗೆ ಕೊಳ್ಳಲು ಹೊರಟಿತ್ತು. ಹಾಗೆ ಕೊಳ್ಳುವಂತಿಲ್ಲ ಎಂದು ವಾಷಿಂಗ್ಟನ್‌ನ ಕೋರ್ಟು ತಡೆಯಿತು. ಲೇಖಕರ ಸಂಘವಾದ ಆಥರ್ಸ್ ಗಿಲ್ಡ್ ಈ ತೀರ್ಪನ್ನು ಸ್ವಾಗತಿಸಿತು.

ಎರಡನೆಯದು ಹೆಚ್ಚೂ ಕಡಿಮೆ ಒಂದು ವರ್ಷದ ನಂತರದ್ದು. 2023ರ ಅಕ್ಟೋಬರ್ 30ರಂದು ಅದೇ ಸೈಮನ್ ಅಂಡ್ ಶುಸ್ಟರ್ 162 ಕೋಟಿ ಡಾಲರ್‌ಗೆ ಕೆಕೆಆರ್ ಕೈ ಸೇರಿತು. ಕೆಕೆಆರ್ ಪುಸ್ತಕದ ಕಂಪನಿ ಅಲ್ಲ. ಕಂಪನಿಗಳನ್ನು ಕೊಳ್ಳುವುದು, ಲಾಭ ಏರಿಸುವುದು, ಕೆಲವು ವರ್ಷ ಬಿಟ್ಟು ಮಾರುವುದು ಅದರ ಕಸುಬು.

ಅಂದರೆ ಪುಸ್ತಕದವರು ಕೊಳ್ಳಬಾರದು, ಬಂಡವಾಳದವರು ಕೊಳ್ಳಬಹುದು. ಇದು ಯಾರ ಗೆಲುವು? ಉತ್ತರ ಬೇಕಿದ್ದರೆ ಕೋರ್ಟು ಏನನ್ನು ಅಳೆಯಿತು, ಏನನ್ನು ಅಳೆಯಲಿಲ್ಲ ಎಂದು ನೋಡಬೇಕು. ಗಂಭೀರ ಕಾದಂಬರಿಯ ಸಂಕಟ ಬಹುಪಾಲು ಆ ಅಳೆಯದ ಭಾಗದಲ್ಲೇ ಇದೆ.

ಐದು ಮನೆ, ನೂರಾರು ಬೋರ್ಡು

ಇಂಗ್ಲಿಷ್ ಪುಸ್ತಕದ ಬೆನ್ನಿನ ಮೇಲೆ ಒಂದು ಪುಟ್ಟ ಚಿತ್ರ ಇರುತ್ತದೆ. ಓಡುವ ನಾಯಿ ಇದ್ದರೆ ಕ್ನಾಫ್. ಹಡಗು ಇದ್ದರೆ ವೈಕಿಂಗ್. ಪೆಂಗ್ವಿನ್ ಹಕ್ಕಿ ಎಲ್ಲರಿಗೂ ಗೊತ್ತು. ಪ್ಯಾಂಥಿಯನ್, ಡಬಲ್‌ಡೇ, ವಿಂಟೇಜ್, ಲಂಡನ್ನಿನ ಜೊನಾಥನ್ ಕೇಪ್ ಹೀಗೆ ಇನ್ನೂ ಎಷ್ಟೋ ಹೆಸರುಗಳು. ಇವೆಲ್ಲ ಬೇರೆ ಬೇರೆ ಸಂಸ್ಥೆಗಳು ಅನ್ನಿಸುತ್ತದೆ. ಒಂದು ಕಾಲಕ್ಕೆ ಹಾಗೇ ಇದ್ದವು ಕೂಡ. ಈಗ ಎಲ್ಲವೂ ಪೆಂಗ್ವಿನ್ ರ‍್ಯಾಂಡಮ್ ಹೌಸ್ ಒಳಗಿನ ಕೋಣೆಗಳು. ಇಂಥ ಒಳಹೆಸರುಗಳಿಗೆ ಇಂಪ್ರಿಂಟ್ ಎನ್ನುತ್ತಾರೆ. ಈ ಒಂದೇ ಕಂಪನಿಯಲ್ಲಿ ಸುಮಾರು 300 ಇಂಪ್ರಿಂಟ್‌ಗಳಿವೆ.

ಪೆಂಗ್ವಿನ್ ಮತ್ತು ರ‍್ಯಾಂಡಮ್ ಹೌಸ್ ಒಂದಾದದ್ದು 2013ರಲ್ಲಿ. 2020ರ ಹೊತ್ತಿಗೆ ಪೂರ್ತಿ ಒಡೆತನ ಜರ್ಮನಿಯ ಬರ್ಟೆಲ್ಸ್‌ಮನ್ ಕೈಗೆ ಬಂತು. 1835ರಲ್ಲಿ ಗ್ಯೂಟರ್ಸ್‌ಲೋ ಎಂಬ ಊರಿನಲ್ಲಿ ಧಾರ್ಮಿಕ ಪುಸ್ತಕಗಳನ್ನು ಅಚ್ಚು ಹಾಕಲು ಶುರುವಾದ ಸಂಸ್ಥೆ ಇದು. ಉಳಿದ ನಾಲ್ಕು ದೊಡ್ಡ ಕಂಪನಿಗಳಲ್ಲಿ ಮ್ಯಾಕ್‌ಮಿಲನ್ ಕೂಡ ಜರ್ಮನಿಯದೇ ಸ್ವತ್ತು. ಹ್ಯಾಷೆಟ್ ಫ್ರಾನ್ಸಿನದು. ಹಾರ್ಪರ್‌ಕಾಲಿನ್ಸ್ ಮರ್ಡಾಕ್ ಮನೆತನದ ನ್ಯೂಸ್ ಕಾರ್ಪ್‌ಗೆ ಸೇರಿದ್ದು. ಐದನೆಯದು ಸೈಮನ್ ಅಂಡ್ ಶುಸ್ಟರ್. 'ಅಮೆರಿಕನ್ ಸಾಹಿತ್ಯ' ಅಂತ ನಾವು ಕರೆಯುವುದರಲ್ಲಿ ದೊಡ್ಡ ಪಾಲಿನ ಲಾಭ ಯುರೋಪಿಗೆ ಹೋಗುತ್ತದೆ. ತಮಾಷೆಯೇ ಸರಿ.

ಕೋರ್ಟು ನೋಡಿದ್ದು ಮೇಲಿನ ಪದರವನ್ನು

ವಿಲೀನಗಳ ಕೇಸಿನಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಗ್ರಾಹಕರಿಗೆ ಬೆಲೆ ಏರುತ್ತದೆಯೇ ಎಂಬುದು. ಇಲ್ಲಿ ಅಮೆರಿಕ ಸರ್ಕಾರ ಬೇರೆ ದಾರಿ ಹಿಡಿಯಿತು. ಓದುಗರಿಗೆ ಪುಸ್ತಕ ತುಟ್ಟಿಯಾಗುತ್ತದೆ ಎನ್ನುವುದನ್ನು ಅದು ಮುಂದೆ ಇಡಲಿಲ್ಲ. ಬರೆದವರಿಗೆ ಸಿಗುವ ಹಣ ಇಳಿಯುತ್ತದೆ ಎಂದು ವಾದಿಸಿತು.

ಅಡಿಕೆ ಮಂಡಿ ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ರೈತ ತಂದಿಟ್ಟ ರಾಶಿಗೆ ಹತ್ತು ವ್ಯಾಪಾರಿಗಳು ಟೆಂಡರ್ ಬರೆದರೆ ದರ ಏರುತ್ತದೆ. ಐದೇ ಜನ ಇದ್ದರೆ ಅಷ್ಟು ಏರದು. ಆ ಐವರಲ್ಲಿ ಇಬ್ಬರು ಪಾಲುದಾರರಾಗಿಬಿಟ್ಟರೆ ರೈತನ ಕೈ ಇನ್ನಷ್ಟು ಕಟ್ಟಿದ ಹಾಗೆ. ಮಾರುವವರು ಸಾವಿರಾರು, ಕೊಳ್ಳುವವರು ಬೆರಳೆಣಿಕೆಯಷ್ಟು. ಲೇಖಕರು ಇಲ್ಲಿ ರೈತನ ಜಾಗದಲ್ಲಿದ್ದಾರೆ.

ಲೇಖಕರಿಗೆ ಸಿಗುವ ಮೊದಲ ಹಣ ಮುಂಗಡ. ಮುಂದೆ ಬರಬೇಕಾದ ರಾಯಲ್ಟಿಯನ್ನು ಮೊದಲೇ ಕೊಡುವ ಏರ್ಪಾಡು ಇದು. ಪುಸ್ತಕ ಓಡದಿದ್ದರೂ ಹಿಂದಿರುಗಿಸಬೇಕಾಗಿಲ್ಲ. ಹೆಚ್ಚಿನ ಪುಸ್ತಕಗಳು ಮುಂಗಡದಷ್ಟನ್ನೂ ಗಳಿಸುವುದಿಲ್ಲ, ಹಾಗಾಗಿ ಬಹುತೇಕ ಲೇಖಕರಿಗೆ ಮುಂಗಡವೇ ಒಟ್ಟು ಆದಾಯ. ಸರ್ಕಾರ ಎರಡೂವರೆ ಲಕ್ಷ ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಮುಂಗಡ ಪಡೆದ ಪುಸ್ತಕಗಳನ್ನು ಮಾತ್ರ ಬೇರೆ ತೆಗೆದು, ಅದನ್ನೇ ಒಂದು ಮಾರುಕಟ್ಟೆ ಎಂದು ಕರೆಯಿತು. ಅದರಲ್ಲಿ ಐದು ಕಂಪನಿಗಳ ಪಾಲು ಶೇ. 91. ಪೆಂಗ್ವಿನ್ ಮತ್ತು ಸೈಮನ್ ಸೇರಿದರೆ ಅವರಿಬ್ಬರದೇ ಶೇ. 49. ನ್ಯಾಯಾಧೀಶೆ ಫ್ಲಾರೆನ್ಸ್ ಪ್ಯಾನ್ ಈ ಲೆಕ್ಕ ಒಪ್ಪಿದರು.

ಕಂಪನಿಯ ಕಡೆಯಿಂದ ಒಂದು ಭರವಸೆ ಬಂದಿತ್ತು. ವಿಲೀನದ ನಂತರವೂ ನಮ್ಮ ಇಂಪ್ರಿಂಟ್‌ಗಳು ಒಂದೇ ಹಸ್ತಪ್ರತಿಗೆ ಎದುರುಬದುರು ನಿಂತು ಬೆಲೆ ಕೂಗುತ್ತವೆ, ಸ್ಪರ್ಧೆ ಎಲ್ಲೂ ಹೋಗುವುದಿಲ್ಲ ಎಂದು. ಸರ್ಕಾರದ ಪರ ಸಾಕ್ಷಿ ಹೇಳಲು ಬಂದಿದ್ದ ಸ್ಟೀಫನ್ ಕಿಂಗ್ ಇದನ್ನು ಲೇವಡಿ ಮಾಡಿದರು. ಒಂದೇ ಮನೆ ಕೊಳ್ಳಲು ಗಂಡ ಹೆಂಡತಿ ಪೈಪೋಟಿ ಮಾಡಿದ ಹಾಗಾಯಿತು ಇದು ಎಂದರು. ಅವರ ಪುಸ್ತಕಗಳನ್ನು ವರ್ಷಗಳಿಂದ ಪ್ರಕಟಿಸುತ್ತಿರುವುದು ಸೈಮನ್ ಅಂಡ್ ಶುಸ್ಟರ್. ತನ್ನ ಪ್ರಕಾಶಕರ ಮಾರಾಟದ ವಿರುದ್ಧವೇ ಅವರು ಮಾತಾಡಿದ್ದು.

ಈಗ ಎರಡೂವರೆ ಲಕ್ಷ ಡಾಲರ್ ಎಂಬ ಗೆರೆಯನ್ನು ಇನ್ನೊಮ್ಮೆ ನೋಡಿ. ಕೇಸಿನಲ್ಲಿ ಬಂದ ಲೆಕ್ಕದ ಪ್ರಕಾರ ಆ ಗೆರೆಯ ಮೇಲಿರುವುದು ಒಟ್ಟು ಪುಸ್ತಕಗಳಲ್ಲಿ ಶೇ. 2ರಷ್ಟು ಮಾತ್ರ. ಆದರೆ ಮುಂಗಡದ ಹಣದಲ್ಲಿ ಸುಮಾರು ಶೇ. 70 ಅವಕ್ಕೇ ಹೋಗುತ್ತದೆ. ರಾಜಕಾರಣಿಗಳ ಆತ್ಮಕತೆ, ಸಿನಿಮಾ ತಾರೆಯರ ನೆನಪು, ದೊಡ್ಡ ಥ್ರಿಲ್ಲರ್‌ಗಳು, ಕೆಲವೇ ಕೆಲವು ಗಂಭೀರ ಕಾದಂಬರಿಗಳು ಇಂಥ ಮೊತ್ತ ಮುಟ್ಟುತ್ತವೆ. ನಾಲ್ಕು ವರ್ಷ ಕೂತು ಬರೆದ ಒಂದು ಮೌನದ ಕಾದಂಬರಿಗೆ ಸಿಗುವುದು ಇದರ ಹತ್ತನೇ ಒಂದು ಭಾಗವೂ ಇರಬಹುದು, ಅದಕ್ಕಿಂತ ಕಡಿಮೆಯೂ ಇರಬಹುದು. ಅದೂ ಮೂರು ನಾಲ್ಕು ಕಂತುಗಳಲ್ಲಿ, ಲೇಖಕರ ಪರವಾಗಿ ಪ್ರಕಾಶಕರ ಜೊತೆ ಮಾತುಕತೆ ನಡೆಸುವ ಏಜೆಂಟರ ಶೇ. 15 ಕಳೆದು.

ಕಾನೂನಿಗೆ ಹೀಗೆ ಗೆರೆ ಎಳೆಯದೆ ವಿಧಿಯಿರಲಿಲ್ಲ. ಎಲ್ಲಿ ಹಾನಿಯನ್ನು ಅಂಕಿಯಲ್ಲಿ ತೋರಿಸಬಹುದೋ ಅಲ್ಲಿಗೇ ವಕೀಲರು ಹೋಗುತ್ತಾರೆ. ಅದು ತಪ್ಪಲ್ಲ. ಆದರೆ ಗಂಭೀರ ಕಾದಂಬರಿಕಾರರಲ್ಲಿ ಹೆಚ್ಚಿನವರು ಆ ಗೆರೆಯ ಕೆಳಗೇ ಉಳಿದರು.

ಲೆಕ್ಕದ ಪುಸ್ತಕ ಸಂಪಾದಕರ ಮೇಜಿಗೆ ಬಂದದ್ದು ಹೇಗೆ

ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ರ‍್ಯಾಂಡಮ್ ಹೌಸ್ ಒಂದರ ಚರಿತ್ರೆ ನೋಡಿದರೆ ಸಾಕು.

1927ರಲ್ಲಿ ಇಬ್ಬರು ಗೆಳೆಯರು ಇದನ್ನು ಶುರು ಮಾಡಿದರು. ಮನಸ್ಸಿಗೆ ಬಂದ ಕೆಲವು ಪುಸ್ತಕ ಹಾಗೇ ಸುಮ್ನೆ ಪ್ರಕಟಿಸೋಣ ಎಂಬ ಮಾತಿನಿಂದಲೇ ಆ ಹೆಸರು ಹುಟ್ಟಿತು. 1959ರಲ್ಲಿ ಷೇರುಪೇಟೆಗೆ ಹೋದರು. ಬಂದ ಹಣದ ಬಲದಲ್ಲಿ 1960ರಲ್ಲಿ ಕ್ನಾಫ್, ಮರುವರ್ಷ ಪ್ಯಾಂಥಿಯನ್ ಸೇರಿಸಿಕೊಂಡರು. ಆ ದಶಕದ ಮಧ್ಯದಲ್ಲಿ ರೇಡಿಯೊ, ಟೀವಿ ತಯಾರಿಸುವ ಆರ್‌ಸಿಎ ಇಡೀ ಸಂಸ್ಥೆಯನ್ನೇ ಕೊಂಡಿತು. 1980ರಲ್ಲಿ ಪತ್ರಿಕೆಗಳ ಒಡೆಯರಾದ ನ್ಯೂಹೌಸ್ ಕುಟುಂಬಕ್ಕೆ ಮಾರಿತು. 1998ರಲ್ಲಿ ಅವರಿಂದ ಬರ್ಟೆಲ್ಸ್‌ಮನ್‌ಗೆ ಹೋಯಿತು.

ಒಡೆಯರು ಬದಲಾದ ಮರುದಿನವೇ ಕಾದಂಬರಿ ಬದಲಾಗಲಿಲ್ಲ. ಇದನ್ನು ಒತ್ತಿ ಹೇಳಬೇಕು. ಕಾರ್ಮಕ್ ಮೆಕಾರ್ಥಿ ಅವರ ಮೊದಲ ಕಾದಂಬರಿ ರ‍್ಯಾಂಡಮ್ ಹೌಸ್‌ನಿಂದ 1965ರಲ್ಲಿ ಬಂತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಇನ್ನೂ ನಾಲ್ಕು ಬಂದವು. ಅವುಗಳಲ್ಲಿ ಒಂದೂ ಗಟ್ಟಿ ರಟ್ಟಿನ ಆವೃತ್ತಿಯಲ್ಲಿ 5,000 ಪ್ರತಿ ದಾಟಲಿಲ್ಲ. ಆದರೂ ಸಂಪಾದಕ ಆಲ್ಬರ್ಟ್ ಅರ್ಸ್ಕಿನ್ ಅವರ ಕೈ ಬಿಡಲಿಲ್ಲ. ಆರನೇ ಕಾದಂಬರಿ 1992ರಲ್ಲಿ, ಅದೇ ಗುಂಪಿನ ಕ್ನಾಫ್‌ನಿಂದ ಬಂದಾಗ, ಲಕ್ಷಗಟ್ಟಲೆ ಮಾರಾಟವಾಯಿತು, ನ್ಯಾಷನಲ್ ಬುಕ್ ಅವಾರ್ಡ್ ಕೂಡ ಪಡೆಯಿತು. ಮೊದಲ ಪುಸ್ತಕದಿಂದ ಅಲ್ಲಿಗೆ 27 ವರ್ಷ.

ಆ 27 ವರ್ಷಗಳಲ್ಲಿ ಕಂಪನಿ ಎರಡು ಸಲ ಕೈ ಬದಲಾಯಿಸಿತ್ತು. ಹಾಗಿದ್ದರೂ ತಾಳ್ಮೆ ಉಳಿದದ್ದು ಹೇಗೆ? ಹಳೆಯ ಕಾಲದ ಸಂಪಾದಕರು ಇನ್ನೂ ಕುರ್ಚಿಯಲ್ಲಿದ್ದರು. ಅವರು ನಿವೃತ್ತರಾಗುತ್ತ ಬಂದ ಹಾಗೆ ಆ ಅಭ್ಯಾಸವೂ ಹೋಯಿತು. ಮನೆ ಮಾರಿದ ಮೇಲೂ ಹಳೇ ಅಡುಗೆಯವರು ಇರುವಷ್ಟು ದಿನ ಊಟದ ರುಚಿ ಬದಲಾಗುವುದಿಲ್ಲ, ಅಲ್ವಾ? ಹಾಗೆ.

ಬಿಕ್ಕಟ್ಟು ಬಹಿರಂಗವಾದದ್ದು 1990ರಲ್ಲಿ. ಪ್ಯಾಂಥಿಯನ್ ನಡೆಸುತ್ತಿದ್ದ ಆಂದ್ರೆ ಶಿಫ್ರಿನ್ ಹೊರಬೀಳಬೇಕಾಯಿತು. ಅವರ ಜೊತೆ ಹಲವು ಸಂಪಾದಕರೂ ರಾಜೀನಾಮೆ ಕೊಟ್ಟರು. ಶಿಫ್ರಿನ್ ಮುಂದೆ ಬರೆದದ್ದರ ತಿರುಳು ಹೀಗೆ: ಮೊದಲು ಪ್ರಕಾಶನದಲ್ಲಿ ಶೇ. 3–4 ಲಾಭ ಬಂದರೆ ಸಾಕು ಅನ್ನುತ್ತಿದ್ದರು. ಹೊಸ ಒಡೆಯರು ತಮ್ಮ ಟೀವಿ, ಪತ್ರಿಕೆಗಳಿಗೆ ಹೋಲಿಸಿ ಶೇ. 12–15 ಕೇಳಿದರು. ಮೊದಲು ಚೆನ್ನಾಗಿ ಓಡುವ ಪುಸ್ತಕ ಓಡದ ಪುಸ್ತಕವನ್ನು ಸಾಕುತ್ತಿತ್ತು. ಈಗ ಪ್ರತಿ ಪುಸ್ತಕವೂ ತನ್ನ ಖರ್ಚನ್ನು ತಾನೇ ದುಡಿಯಬೇಕಾಯಿತು.

ಎಲ್ಲ ದೋಷವನ್ನೂ ಒಡೆಯರ ದುರಾಸೆಗೆ ಹೊರಿಸುವುದು ಸುಲಭ. ಆದರೆ ಒಂದು ಹೊಡೆತ ಯಾರೂ ಊಹಿಸದ ಕಡೆಯಿಂದ ಬಂತು. 1979ರಲ್ಲಿ ಥಾರ್ ಪವರ್ ಟೂಲ್ ಎಂಬ ಕಂಪನಿಯ ತೆರಿಗೆ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ವಿದ್ಯುತ್ ಉಪಕರಣ ಮಾಡುವ ಕಂಪನಿ ಅದು. ಗೋದಾಮಿನಲ್ಲಿ ಕೂತ ಸರಕಿನ ಬೆಲೆ ಕುಸಿದಿದೆ ಎಂದು ಸುಮ್ನೆ ಲೆಕ್ಕದಲ್ಲಿ ತೋರಿಸಿ ತೆರಿಗೆ ಇಳಿಸಿಕೊಳ್ಳುವಂತಿಲ್ಲ, ನಿಜವಾಗಿ ಕಡಿಮೆಗೆ ಮಾರಬೇಕು ಇಲ್ಲವೇ ನಾಶ ಮಾಡಬೇಕು ಎಂದಿತು ತೀರ್ಪು. ಡ್ರಿಲ್ ಯಂತ್ರದ ಬಿಡಿಭಾಗಕ್ಕೆ ಹಾಕಿದ ನಿಯಮ ಪುಸ್ತಕಕ್ಕೂ ತಗುಲಿತು. ವರ್ಷಕ್ಕೆ ನೂರಿನ್ನೂರು ಪ್ರತಿ ಹೋಗುವ ಕಾದಂಬರಿಯನ್ನು ಗೋದಾಮಿನಲ್ಲಿ ಇಟ್ಟುಕೊಳ್ಳುವುದೇ ನಷ್ಟ ಎನಿಸಿತು. ಹಾಗಾಗಿ ನಿಧಾನಕ್ಕೆ ಮಾರುವ ಪುಸ್ತಕಗಳು ಬೇಗ ಬೇಗ ರದ್ದಿಗೆ ಹೋಗತೊಡಗಿದವು. ಗಂಭೀರ ಕಾದಂಬರಿ ಬದುಕುವುದೇ ನಿಧಾನದ ಮಾರಾಟದಿಂದ.

ಹಿಂದಿನ ಪುಸ್ತಕದ ಅಂಕಪಟ್ಟಿ

ಇವತ್ತು ಒಂದು ದೊಡ್ಡ ಕಂಪನಿಯ ಸಂಪಾದಕರಿಗೆ ಒಂದು ಹಸ್ತಪ್ರತಿ ಇಷ್ಟವಾಯಿತು ಅಂದುಕೊಳ್ಳಿ. ಇಷ್ಟವಾದರೆ ಸಾಲದು. ಮೊದಲು ಲಾಭ–ನಷ್ಟದ ಅಂದಾಜು ತಯಾರಿಸಬೇಕು. ಎಷ್ಟು ಪ್ರತಿ ಅಚ್ಚು, ಎಷ್ಟು ಮಾರಾಟ, ಎಷ್ಟು ವಾಪಸು, ಎಷ್ಟು ಮುಂಗಡ. ಅಮೆರಿಕದಲ್ಲಿ ಅಂಗಡಿಯವರು ಮಾರದ ಪ್ರತಿಗಳನ್ನು ಪ್ರಕಾಶಕರಿಗೆ ಮರಳಿಸಬಹುದು, ಹಾಗಾಗಿ ವಾಪಸಿನ ಲೆಕ್ಕ ಮುಖ್ಯ.

ಇನ್ನೂ ಹುಟ್ಟದ ಪುಸ್ತಕದ ಮಾರಾಟ ಊಹಿಸುವುದು ಹೇಗೆ? ಅದಕ್ಕೆ 'ಹೋಲಿಕೆ ಪುಸ್ತಕ' ಬೇಕು. ಈಚಿನ ವರ್ಷಗಳಲ್ಲಿ ಬಂದ, ಇದೇ ರೀತಿಯ, ಚೆನ್ನಾಗಿ ಮಾರಿದ ಎರಡು ಮೂರು ಪುಸ್ತಕಗಳ ಹೆಸರು. ಹೋಲಿಕೆ ಸಿಗದಿದ್ದರೆ ಅಂದಾಜು ನಿಲ್ಲುವುದಿಲ್ಲ. ಇಲ್ಲೇ ನೋಡಿ ಎಡವಟ್ಟು. ಯಾವುದಕ್ಕೂ ಹೋಲದಿರುವುದೇ ಒಂದು ಕಾದಂಬರಿಯ ಗುಣವಾಗಿದ್ದರೆ, ಈ ಪಟ್ಟಿಯಲ್ಲಿ ಅದು ದೋಷ.

2001ರಲ್ಲಿ ಅಮೆರಿಕಕ್ಕೆ ನೀಲ್ಸನ್ ಬುಕ್‌ಸ್ಕ್ಯಾನ್ ಬಂತು. ಅಂಗಡಿಗಳ ಬಿಲ್ಲಿಂಗ್ ಯಂತ್ರದಿಂದ ನೇರವಾಗಿ ಮಾರಾಟದ ಅಂಕಿ ಎತ್ತುವ ವ್ಯವಸ್ಥೆ ಇದು. ಅಲ್ಲಿಯವರೆಗೆ ಏಜೆಂಟರು 'ಪರವಾಗಿಲ್ಲ, ಚೆನ್ನಾಗೇ ಹೋಯಿತು' ಎಂದು ಹೇಳಿ ದಾಟಿಸಬಹುದಿತ್ತು. ಆಮೇಲೆ ಆ ಮಾತು ನಡೆಯಲಿಲ್ಲ. ಯಾರ ಯಾವ ಪುಸ್ತಕ ಎಷ್ಟು ಹೋಯಿತು ಎಂದು ಎದುರು ಕೂತ ಸಂಪಾದಕರ ಪರದೆಯ ಮೇಲೇ ಇರುತ್ತದೆ. ದೊಡ್ಡ ಸರಣಿ ಅಂಗಡಿಗಳೂ ಹಿಂದಿನ ಪುಸ್ತಕದ ಮಾರಾಟ ನೋಡಿಯೇ ಮುಂದಿನದಕ್ಕೆ ಆರ್ಡರ್ ಕೊಡುತ್ತವೆ. ಮೊದಲನೆಯದು 3,000 ಹೋದರೆ ಎರಡನೆಯದಕ್ಕೆ ಆರ್ಡರ್ ಅದಕ್ಕಿಂತ ಕಡಿಮೆ. ಅಂಗಡಿಯಲ್ಲಿ ಪ್ರತಿ ಕಡಿಮೆ ಇದ್ದರೆ ಮಾರಾಟವೂ ಕಡಿಮೆ. ಮೂರನೆಯದರ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ.

ಇದರಿಂದ ಒಂದು ವಿಚಿತ್ರ ಪರಿಣಾಮ ಆಯಿತು. ಮೊದಲ ಕಾದಂಬರಿ ಬರೆಯುವವರಿಗೆ ಅನುಕೂಲ ಜಾಸ್ತಿಯಾಯಿತು. ಅವರಿಗೆ ಅಂಕಪಟ್ಟಿಯೇ ಇಲ್ಲವಲ್ಲ. ಅಂಕಪಟ್ಟಿ ಇಲ್ಲದಿದ್ದರೆ ಎಷ್ಟು ದೊಡ್ಡ ಕನಸನ್ನಾದರೂ ಕಟ್ಟಬಹುದು. ಹಾಗಾಗಿ ಚೊಚ್ಚಲ ಕಾದಂಬರಿಗಳಿಗೆ ಭಾರಿ ಮೊತ್ತದ ಹರಾಜು ನಡೆಯುವ ಸುದ್ದಿ ಆಗಾಗ ಬರುತ್ತದೆ. ಆ ಹೊತ್ತಿಗೆ ಮೂರು ನಾಲ್ಕು ಒಳ್ಳೆಯ ಪುಸ್ತಕ ಬರೆದು, ತಲಾ ಕೆಲವು ಸಾವಿರ ಓದುಗರನ್ನು ಸಂಪಾದಿಸಿದವರು ಪ್ರಕಾಶಕರಿಲ್ಲದೆ ಕೂತಿರುತ್ತಾರೆ. ಕೆಲವರು ಬೇರೆ ಹೆಸರಿಟ್ಟುಕೊಂಡು ಮತ್ತೆ 'ಹೊಸಬ'ರಾಗಿ ಬಂದದ್ದೂ ಉಂಟು.

ಇವತ್ತಿನ ಮೆಕಾರ್ಥಿಗೆ ಆರನೇ ಪುಸ್ತಕದವರೆಗೆ ಕಾಯುವ ಮನೆ ದೊಡ್ಡ ಕಂಪನಿಗಳಲ್ಲಿ ಸಿಗುವುದು ಕಷ್ಟ. ಮುಂಗಡ ಎಷ್ಟು ಎಂಬುದಕ್ಕಿಂತ ಎಷ್ಟು ಸೋಲುಗಳನ್ನು ತಡೆದುಕೊಳ್ಳುತ್ತಾರೆ ಎಂಬುದೇ ಗಂಭೀರ ಲೇಖಕರಿಗೆ ದೊಡ್ಡ ಪ್ರಶ್ನೆ. ಅದಕ್ಕೆ ಕೋರ್ಟಿನ ಬಳಿ ತಕ್ಕಡಿ ಇರಲಿಲ್ಲ.

ಬರವಣಿಗೆಯ ಒಳಗೂ ಇದು ಇಳಿದಿದೆಯೇ? ಎಮರಿ ವಿಶ್ವವಿದ್ಯಾಲಯದ ಡ್ಯಾನ್ ಸಿನಿಕಿನ್ ಇಳಿದಿದೆ ಎನ್ನುತ್ತಾರೆ. ಏಜೆಂಟರು, ಸಂಪಾದಕರು, ಮಾರಾಟ ವಿಭಾಗದವರು, ಅಂಗಡಿಯ ಖರೀದಿದಾರರು ಎಲ್ಲರೂ ಸೇರಿ ಕಾದಂಬರಿಯ ರೂಪವನ್ನು ತಿದ್ದುತ್ತಾರೆ ಎಂಬುದು ಅವರ ವಾದ. ಗಂಭೀರ ಲೇಖಕರು ಪತ್ತೇದಾರಿ, ವಿಜ್ಞಾನ ಕತೆ, ಭಯಾನಕ ಕತೆಗಳ ಚೌಕಟ್ಟನ್ನು ಎರವಲು ತರುವುದು ಹೆಚ್ಚಿರುವುದನ್ನು ಇದಕ್ಕೆ ಜೋಡಿಸುತ್ತಾರೆ. ಈ ವಾದದಲ್ಲಿ ಹುರುಳಿದೆ, ಆದರೆ ಎಳೆದಷ್ಟೂ ಉದ್ದ ಬರುತ್ತದೆ. ಕಾಲ್ಸನ್ ವೈಟ್‌ಹೆಡ್ 2011ರಲ್ಲಿ ಜೋಂಬಿಗಳ ಕಾದಂಬರಿ ಬರೆದದ್ದು ಕಂಪನಿಯ ಒತ್ತಡದಿಂದಲೇ ಎನ್ನಲಾಗದು. ಚಿಕ್ಕಂದಿನಿಂದ ಅಂಥ ಸಿನಿಮಾಗಳ ಹುಚ್ಚು ಇದ್ದವರು ಅವರು. ಇಷ್ಟು ಹೇಳಬಹುದು: ಎರಡು ಒಳ್ಳೆಯ ಹಸ್ತಪ್ರತಿಗಳಲ್ಲಿ ಒಂದಕ್ಕೆ ಕೊಲೆಯೋ ಕಾಣೆಯಾದ ಹುಡುಗಿಯೋ ಇದ್ದರೆ, ಹೋಲಿಕೆ ಪುಸ್ತಕ ಹುಡುಕುವುದು ಅದಕ್ಕೆ ಸುಲಭ.

ಕಂಪನಿಗಳ ಮಾತೂ ಕೇಳಬೇಕು

ದೊಡ್ಡ ಪ್ರಕಾಶಕರು ಇದನ್ನೆಲ್ಲ ಒಪ್ಪುವುದಿಲ್ಲ. ಅವರ ವಾದವನ್ನು ತಳ್ಳಿಹಾಕುವಂತೆಯೂ ಇಲ್ಲ.

ವಿಚಾರಣೆಯ ವೇಳೆ ಪೆಂಗ್ವಿನ್ ರ‍್ಯಾಂಡಮ್ ಹೌಸ್ ಒಂದು ಲೆಕ್ಕ ಮುಂದಿಟ್ಟಿತು. ತಾನು ಪ್ರಕಟಿಸುವ ಪುಸ್ತಕಗಳಲ್ಲಿ ಶೇ. 35 ಮಾತ್ರ ಲಾಭ ತರುತ್ತವೆ. ಲಾಭ ತಂದವುಗಳಲ್ಲೂ ಬರೀ ಶೇ. 4 ಪುಸ್ತಕಗಳಿಂದ ಶೇ. 60ರಷ್ಟು ಲಾಭ ಬರುತ್ತದೆ. ಯಾವುದು ಗೆಲ್ಲುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಪ್ರಕಾಶನದಲ್ಲಿ ಎಲ್ಲವೂ ಆಕಸ್ಮಿಕ, ಅದಕ್ಕೇ ನಮ್ಮ ಹೆಸರು ರ‍್ಯಾಂಡಮ್ ಹೌಸ್ ಎಂದು ಆಗಿನ ಮುಖ್ಯಸ್ಥ ಮಾರ್ಕುಸ್ ಡೋಲೆ ಕೋರ್ಟಿನಲ್ಲಿ ಹೇಳಿದರು.

ಇದರ ಅರ್ಥ, ಮೂರರಲ್ಲಿ ಎರಡು ಪುಸ್ತಕ ಸೋಲುವ ವ್ಯಾಪಾರದಲ್ಲಿ ಸೋಲು ತಡೆಯಲು ದೊಡ್ಡ ಗಾತ್ರ ಬೇಕು. ದೊಡ್ಡವರಾಗಿದ್ದರೆ ಅಮೆಜಾನ್ ಎದುರು ಚೌಕಾಸಿ ಮಾಡಬಹುದು. ಗೋದಾಮು, ಸಾಗಣೆ, ಕಾಗದ ಎಲ್ಲ ಅಗ್ಗ. ಒಂದು ಪುಸ್ತಕಕ್ಕೆ ಬಹುಮಾನ ಬಂದರೆ ಹತ್ತೇ ದಿನದಲ್ಲಿ ಲಕ್ಷ ಪ್ರತಿ ಅಚ್ಚು ಹಾಕಿಸಬಹುದು. ಸಣ್ಣವರಿಗೆ ಇದು ಕನಸು.

ಕಂಪನಿಯ ಒಡೆತನ ಇದ್ದಲ್ಲಿ ಒಳ್ಳೆಯ ಸಾಹಿತ್ಯ ಹುಟ್ಟುವುದೇ ಇಲ್ಲ ಎಂಬುದೂ ಸುಳ್ಳು. 1970ರ ದಶಕದಲ್ಲಿ, ಆರ್‌ಸಿಎ ಒಡೆತನದ ರ‍್ಯಾಂಡಮ್ ಹೌಸ್‌ನಲ್ಲೇ ಟೋನಿ ಮಾರಿಸನ್ ಸಂಪಾದಕಿಯಾಗಿದ್ದರು. ಟೋನಿ ಕೇಡ್ ಬಂಬಾರಾ, ಗೇಲ್ ಜೋನ್ಸ್ ಅವರಂಥ ಕಪ್ಪು ಲೇಖಕಿಯರನ್ನು ಅವರು ಮುಂದೆ ತಂದದ್ದು ಆ ಕುರ್ಚಿಯಿಂದ. 2024ರ ಬೂಕರ್ ಪಡೆದ ಕಾದಂಬರಿ ಪೆಂಗ್ವಿನ್ ರ‍್ಯಾಂಡಮ್ ಹೌಸ್‌ಗೆ ಸೇರಿದ ಜೊನಾಥನ್ ಕೇಪ್‌ನದು.

ಆದರೂ ಈ ವಾದದಲ್ಲಿ ಒಂದು ಬಿರುಕಿದೆ. ಎಲ್ಲವೂ ಆಕಸ್ಮಿಕ ಎನ್ನುವುದಾದರೆ ಲಾಟರಿಯಲ್ಲಿ ಹೆಚ್ಚು ಚೀಟಿ ಕೊಳ್ಳುವುದು ಜಾಣತನ, ಒಂದೇ ಚೀಟಿಗೆ ಎಲ್ಲ ಹಣ ಸುರಿಯುವುದಲ್ಲ. ಕಂಪನಿಗಳ ಮುಂಗಡದ ಹಣ ಮಾತ್ರ ಬಹುಪಾಲು ಶೇ. 2 ಪುಸ್ತಕಗಳಿಗೇ ಹೋಗುತ್ತಿದೆ. ಬಾಯಲ್ಲಿ ಆಕಸ್ಮಿಕ, ಚೆಕ್ಕಿನಲ್ಲಿ ಖಾತ್ರಿ.

ವಿಲೀನ ಮುರಿದ ಮೇಲೆ ಪೆಂಗ್ವಿನ್ ರ‍್ಯಾಂಡಮ್ ಹೌಸ್ ಒಪ್ಪಂದದಂತೆ 20 ಕೋಟಿ ಡಾಲರ್ ದಂಡ ಕಟ್ಟಿತು. ಡೋಲೆ ಹುದ್ದೆ ಬಿಟ್ಟರು. ಮರುವರ್ಷ ಹಿರಿಯ ಸಿಬ್ಬಂದಿ ಸ್ವಯಂ ನಿವೃತ್ತಿ ಪಡೆದು ಹೊರಟರು, ಕೆಲವರನ್ನು ಕೆಲಸದಿಂದ ತೆಗೆದರು. 2024ರ ಮೇ ತಿಂಗಳಲ್ಲಿ ಕ್ನಾಫ್ ಮತ್ತು ಪ್ಯಾಂಥಿಯನ್ ಎರಡರ ಮುಖ್ಯಸ್ಥೆಯರನ್ನೂ ಒಂದೇ ದಿನ ಬಿಡಿಸಲಾಯಿತು. ಗಂಭೀರ ಸಾಹಿತ್ಯಕ್ಕೆ ಹೆಸರಾದ ಎರಡು ಮನೆಗಳು ಅವು.

ಬಿತ್ತುವವರು ಒಬ್ಬರು, ಕೊಯ್ಯುವವರು ಇನ್ನೊಬ್ಬರು

ದೊಡ್ಡವರು ಬಿಟ್ಟ ತಾಳ್ಮೆಯ ಕೆಲಸವನ್ನು ಈಗ ಸಣ್ಣವರು ಮಾಡುತ್ತಿದ್ದಾರೆ.

ಪರ್ಸಿವಲ್ ಎವರೆಟ್ 1983ರಿಂದ ಕಾದಂಬರಿ ಬರೆಯುತ್ತಿದ್ದಾರೆ. 1990ರ ದಶಕದಿಂದ ಅವರ ಹೆಚ್ಚಿನ ಪುಸ್ತಕಗಳನ್ನು ಪ್ರಕಟಿಸಿದ್ದು ಮಿನಿಯಾಪೊಲಿಸ್‌ನ ಗ್ರೇವುಲ್ಫ್ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆ. ದೇಣಿಗೆ, ಅನುದಾನ, ಮಾರಾಟ ಮೂರನ್ನೂ ಹೊಂದಿಸಿಕೊಂಡು ನಡೆಯುವ ಮನೆ ಅದು. ಅಲ್ಲಿಂದ ಬಂದ ಒಂದು ಕಾದಂಬರಿ 2022ರ ಬೂಕರ್ ಅಂತಿಮ ಪಟ್ಟಿ ಸೇರಿತು. 2024ರ ಅವರ ಕಾದಂಬರಿ ಬಂದದ್ದು ಡಬಲ್‌ಡೇ, ಅಂದರೆ ಪೆಂಗ್ವಿನ್ ರ‍್ಯಾಂಡಮ್ ಹೌಸ್‌ನಿಂದ. ಅದಕ್ಕೆ ನ್ಯಾಷನಲ್ ಬುಕ್ ಅವಾರ್ಡ್ ಮತ್ತು 2025ರ ಪುಲಿಟ್ಜರ್ ಎರಡೂ ಬಂದವು. ಲೇಖಕರನ್ನು ಇದಕ್ಕೆ ದೂರುವಂತಿಲ್ಲ. ಅರವತ್ತು ದಾಟಿದ ಮೇಲೆ ಒಳ್ಳೆಯ ಹಣ ಸಿಕ್ಕರೆ ಯಾರು ಬೇಡ ಅನ್ನುತ್ತಾರೆ?

ಪಾಲ್ ಹಾರ್ಡಿಂಗ್ ಅವರ ಮೊದಲ ಕಾದಂಬರಿ ಹಲವು ಕಡೆ ತಿರಸ್ಕೃತವಾಗಿ, ನ್ಯೂಯಾರ್ಕಿನ ಆಸ್ಪತ್ರೆಯೊಂದರ ನಂಟಿದ್ದ ಬೆಲ್‌ವ್ಯೂ ಎಂಬ ಪುಟ್ಟ ಪ್ರಕಾಶನದಿಂದ ಬಂತು. 2010ರಲ್ಲಿ ಪುಲಿಟ್ಜರ್ ಪಡೆಯಿತು. ಎರಡನೆಯದು ಬಂದದ್ದು ಎಲ್ಲಿಂದ? ರ‍್ಯಾಂಡಮ್ ಹೌಸ್‌ನಿಂದ.

ಲಂಡನ್ನಿನ ಫಿಟ್ಸ್‌ಕರಾಲ್ಡೊ ಶುರುವಾದದ್ದು 2014ರಲ್ಲಿ. ಅಲೆಕ್ಸಿಯೆವಿಚ್, ತೊಕಾರ್ಚುಕ್, ಎರ್ನೊ, ಫೊಸೆ ಹೀಗೆ ನಾಲ್ವರು ನೊಬೆಲ್ ವಿಜೇತರು ಇಂಗ್ಲಿಷ್‌ನಲ್ಲಿ ಅದರ ಪಟ್ಟಿಯಲ್ಲಿದ್ದಾರೆ. ಇದು ಬರೀ ಅದೃಷ್ಟ ಇರಲಾರದು. ಹೋಲಿಕೆ ಪುಸ್ತಕ ಕೇಳದವರ ಕಣ್ಣಿಗೆ ಬೇರೆಯದೇ ಕಾಣುತ್ತದೆ.

ಆದರೆ ಸಣ್ಣವರ ಕಾಲ ಕೆಳಗಿನ ನೆಲ ಗಟ್ಟಿಯಾಗಿಲ್ಲ. ಗ್ರೇವುಲ್ಫ್‌ನ ಪುಸ್ತಕಗಳನ್ನು ಅಂಗಡಿಗೆ ತಲುಪಿಸುವುದು ಮ್ಯಾಕ್‌ಮಿಲನ್ ಗುಂಪಿನ ಜಾಲ. ಅಂದರೆ ಸ್ವತಂತ್ರರೂ ದೊಡ್ಡವರ ಲಾರಿಯಲ್ಲೇ ಹೋಗಬೇಕು. ನೂರಾರು ಪುಟ್ಟ ಪ್ರಕಾಶನಗಳ ಪುಸ್ತಕ ಹಂಚುತ್ತಿದ್ದ ಬರ್ಕ್ಲಿಯ ಸ್ಮಾಲ್ ಪ್ರೆಸ್ ಡಿಸ್ಟ್ರಿಬ್ಯೂಷನ್ 2024ರ ಮಾರ್ಚ್‌ನಲ್ಲಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ಅರ್ಧ ಶತಮಾನದ ಸಂಸ್ಥೆ ಅದು. 2025ರ ಮೇ ತಿಂಗಳಲ್ಲಿ ಅಮೆರಿಕದ ರಾಷ್ಟ್ರೀಯ ಕಲಾ ನಿಧಿ ಹಲವು ಸಾಹಿತ್ಯ ಸಂಸ್ಥೆಗಳಿಗೆ ಕೊಟ್ಟಿದ್ದ ಅನುದಾನ ಹಿಂತೆಗೆದುಕೊಂಡಿತು. ದೊಡ್ಡ ಕಂಪನಿಗಳಿಗೆ ಇದರಿಂದ ನೇರ ನಷ್ಟವಿಲ್ಲ. ಆದರೆ ಅವರ ಮುಂದಿನ ಎವರೆಟ್ ಬೆಳೆಯಬೇಕಾದ ಸಸಿಮಡಿ ಒಣಗುತ್ತದೆ.

ಶೆಫೀಲ್ಡಿನಿಂದ ಬಂದ ಎದೆಯ ಹಣತೆ

ಕನ್ನಡದ ಪ್ರಕಾಶನಗಳು ಈ ಬಲೆಯಲ್ಲಿ ಇಲ್ಲ. ಇಲ್ಲಿನ ಕಷ್ಟಗಳೇ ಬೇರೆ. ಆದರೆ ಕನ್ನಡದ ಕತೆ ಇಂಗ್ಲಿಷಿಗೆ ಹೋದ ಕೂಡಲೇ ಇದೇ ದಾರಿಯಲ್ಲಿ ನಡೆಯಬೇಕು.

ಬಾನು ಮುಷ್ತಾಕ್ ಅವರ ಕತೆಗಳನ್ನು ದೀಪಾ ಭಾಸ್ತಿ ಅನುವಾದಿಸಿದ 'ಹಾರ್ಟ್ ಲ್ಯಾಂಪ್' 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆಯಿತು. ಬ್ರಿಟನ್ನಿನಲ್ಲಿ ಅದನ್ನು ತಂದದ್ದು ಆ್ಯಂಡ್ ಅದರ್ ಸ್ಟೋರೀಸ್ ಎಂಬ ಪುಟ್ಟ ಪ್ರಕಾಶನ, ಶೆಫೀಲ್ಡ್ ಊರಿನದು. ಭಾರತದ ಆವೃತ್ತಿಯ ಮೇಲಿರುವುದು ಪೆಂಗ್ವಿನ್ ಹಕ್ಕಿ. 2022ರಲ್ಲಿ ಇದೇ ಬಹುಮಾನ ಪಡೆದ ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿಯದೂ ಇದೇ ಕತೆ. ಬ್ರಿಟನ್ನಿನಲ್ಲಿ ಟಿಲ್ಟೆಡ್ ಆ್ಯಕ್ಸಿಸ್ ಎಂಬ ಸಣ್ಣ ಸಂಸ್ಥೆ, ಭಾರತದಲ್ಲಿ ಪೆಂಗ್ವಿನ್.

ಆ್ಯಂಡ್ ಅದರ್ ಸ್ಟೋರೀಸ್ ನಡೆಯುವುದರಲ್ಲಿ ಚಂದಾದಾರರ ಪಾಲು ದೊಡ್ಡದು. ಮೊದಲೇ ಹಣ ಕಟ್ಟಿದವರಿಗೆ ವರ್ಷದಲ್ಲಿ ಕೆಲವು ಪುಸ್ತಕ ಬರುತ್ತವೆ. ಅವರ ಹೆಸರುಗಳನ್ನು ಪುಸ್ತಕದ ಕೊನೆಯಲ್ಲಿ ಅಚ್ಚು ಹಾಕುತ್ತಾರೆ. ಧಾರವಾಡದವರಿಗೆ ಇದು ಹೊಸದೆನಿಸದು. 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಬೆಳೆದದ್ದು ಚಂದಾದಾರರನ್ನು ನಂಬಿಕೊಂಡೇ. ಓದುಗರು ಮೊದಲೇ ಹಣ ಕೊಟ್ಟಿದ್ದರೆ ಪ್ರಕಾಶಕರಿಗೆ ಪ್ರತಿ ಪುಸ್ತಕದ ಲಾಭ–ನಷ್ಟಕ್ಕೆ ಹೆದರುವ ಅಗತ್ಯ ಕಡಿಮೆ.

ದೊಡ್ಡ ಒಡೆಯರು ಮನಸ್ಸು ಬದಲಿಸಿದರೆ ಏನಾಗುತ್ತದೆ ಎಂಬುದನ್ನೂ ನಾವು ನೋಡಿದ್ದೇವೆ. ಟಾಟಾ ಗುಂಪಿನಲ್ಲಿದ್ದ ವೆಸ್ಟ್‌ಲ್ಯಾಂಡ್ ಅನ್ನು ಅಮೆಜಾನ್ ಕೊಂಡಿತು. ಭಾರತೀಯ ಭಾಷೆಗಳ ಅನುವಾದಕ್ಕೆಂದೇ ಅದರಲ್ಲಿ ಏಕಾ ಎಂಬ ಇಂಪ್ರಿಂಟ್ ಇತ್ತು. 2022ರ ಫೆಬ್ರವರಿಯಲ್ಲಿ ಅಮೆಜಾನ್ ಅದನ್ನು ಮುಚ್ಚುವುದಾಗಿ ಹೇಳಿತು. ಪುಸ್ತಕ ಅಂಗಡಿಯಿಂದ ಮಾಯವಾಗುವ ಮೊದಲು ಕೊಂಡುಬಿಡಿ ಎಂದು ಲೇಖಕರು ಓದುಗರಿಗೆ ಕರೆ ಕೊಡುವಂತಾಯಿತು. ಕೆಲವು ತಿಂಗಳ ಮೇಲೆ ಬೆಂಗಳೂರಿನ ಪ್ರತಿಲಿಪಿ ಆ ತಂಡವನ್ನು ಸೇರಿಸಿಕೊಂಡದ್ದರಿಂದ ವೆಸ್ಟ್‌ಲ್ಯಾಂಡ್ ಹೆಸರು ಉಳಿಯಿತು. ಅಮೆಜಾನ್‌ನಂಥ ಕಂಪನಿಗೆ ಈ ನಷ್ಟ ಲೆಕ್ಕಕ್ಕೇ ಸಿಗದಷ್ಟು ಚಿಕ್ಕದು. ಅದಕ್ಕೇ ಮುಚ್ಚುವುದೂ ಸುಲಭ.

ಕೆಕೆಆರ್ ಎಷ್ಟು ದಿನ?

ಮತ್ತೆ ಮೊದಲ ಗೊಂದಲಕ್ಕೆ ಬರೋಣ. ಕೆಕೆಆರ್ ಕೊಂಡದ್ದಕ್ಕೆ ಕೋರ್ಟು ಅಡ್ಡ ಬರಲಿಲ್ಲ, ಏಕೆಂದರೆ ಅದು ಪ್ರತಿಸ್ಪರ್ಧಿ ಪ್ರಕಾಶಕ ಅಲ್ಲ. ಮಂಡಿಯಲ್ಲಿ ವ್ಯಾಪಾರಿಗಳ ಸಂಖ್ಯೆ ಐದೇ ಉಳಿಯಿತು. ಕಾನೂನಿನ ದೃಷ್ಟಿಯಲ್ಲಿ ಕೆಲಸ ಮುಗಿಯಿತು.

ಇಲ್ಲಿಯವರೆಗಿನ ಲಕ್ಷಣಗಳು ಎರಡೂ ಬಗೆಯವು. ಕೆಕೆಆರ್ ಸಿಬ್ಬಂದಿಗೂ ಕಂಪನಿಯಲ್ಲಿ ಪಾಲು ಕೊಡುವುದಾಗಿ ಹೇಳಿತು. 2024ರಲ್ಲಿ ಸೈಮನ್ ಅಂಡ್ ಶುಸ್ಟರ್ ನೆದರ್‌ಲ್ಯಾಂಡ್ಸ್‌ನ ದೊಡ್ಡ ಪ್ರಕಾಶನವಾದ ವಿಬಿಕೆಯನ್ನು ಕೊಂಡಿತು. ಅಂದರೆ ಕುಗ್ಗಿಸುವುದಲ್ಲ, ಹಿಗ್ಗಿಸುವ ಯೋಚನೆ. ಗ್ರಂಥಾಲಯಗಳಿಗೆ ಇ–ಪುಸ್ತಕ ಒದಗಿಸುವ ಓವರ್‌ಡ್ರೈವ್ ಕೂಡ 2020ರಿಂದ ಕೆಕೆಆರ್ ಕೈಯಲ್ಲೇ ಇದೆ. ಪುಸ್ತಕ ಮಾಡುವವರೂ ಅವರೇ, ಗ್ರಂಥಾಲಯಕ್ಕೆ ತಲುಪಿಸುವವರೂ ಅವರೇ. ಇದನ್ನು ಯಾರೂ ಹೆಚ್ಚು ಚರ್ಚಿಸಿದಂತಿಲ್ಲ.

ಭಯಕ್ಕೂ ಕಾರಣವಿದೆ. ಇಂಥ ಸಂಸ್ಥೆಗಳು ಸಾಮಾನ್ಯವಾಗಿ ಸಾಲ ತಂದು ಕೊಳ್ಳುತ್ತವೆ. ಆ ಸಾಲದ ಹೊರೆ ಕೊಂಡ ಕಂಪನಿಯ ಮೇಲೇ ಬೀಳುತ್ತದೆ. ಆಟಿಕೆ ಅಂಗಡಿಗಳ ಸರಣಿ ಟಾಯ್ಸ್ ಆರ್ ಅಸ್ 2017ರಲ್ಲಿ ದಿವಾಳಿಯಾದಾಗ ಅದರ ಒಡೆಯರಲ್ಲಿ ಕೆಕೆಆರ್ ಕೂಡ ಒಬ್ಬರಾಗಿತ್ತು. ಬಡ್ಡಿಗೆ ಕಂತು ಇರುತ್ತದೆ. ಆರನೇ ಪುಸ್ತಕಕ್ಕೆ ಓದುಗರು ಬರುವ ಲೇಖಕರಿಗೆ ಅಂಥ ಕಂತು ಗೊತ್ತಿಲ್ಲ.

ಇಂಥ ಹೂಡಿಕೆದಾರರು ಕೊಂಡ ಕಂಪನಿಯನ್ನು ಐದಾರು ವರ್ಷ ಇಟ್ಟುಕೊಂಡು ಮಾರುವುದು ವಾಡಿಕೆ. ಆ ಲೆಕ್ಕದಲ್ಲಿ ಈ ದಶಕದ ಕೊನೆಗೆ ಸೈಮನ್ ಅಂಡ್ ಶುಸ್ಟರ್ ಮತ್ತೆ ಮಂಡಿಗೆ ಬರಬಹುದು. ಪೆಂಗ್ವಿನ್‌ಗೆ 2022ರ ತೀರ್ಪು ಎದುರಿಗಿದೆ. ಹಾರ್ಪರ್‌ಕಾಲಿನ್ಸ್, ಹ್ಯಾಷೆಟ್ ಕೈ ಚಾಚಿದರೆ ಐದು ನಾಲ್ಕಾಗುತ್ತದೆ, ಅದೇ ಕೇಸು ಮತ್ತೆ ಏಳುತ್ತದೆ. ಉಳಿಯುವುದು ಇನ್ನೊಂದು ಹೂಡಿಕೆ ಸಂಸ್ಥೆ, ಇಲ್ಲವೇ ಪುಸ್ತಕಗಳ ಪಠ್ಯವೇ ಬೇಕಾಗಿರುವ ಯಾವುದಾದರೂ ತಂತ್ರಜ್ಞಾನ ಕಂಪನಿ. ಆಗ ಸರ್ಕಾರ ಕೋರ್ಟಿಗೆ ಹೋಗಬೇಕೆಂದರೆ ಎರಡೂವರೆ ಲಕ್ಷ ಡಾಲರಿನ ಆ ಗೆರೆ ಅದರ ಕೆಲಸಕ್ಕೆ ಬರುವುದಿಲ್ಲ.